ದೋಣಿ ಟ್ರೇಲರ್‌ಗೆ ತುಕ್ಕು ಹಿಡಿಯದ ಜಾಕ್: ಮಲೆನಾಡಿನ ಮಳೆಗೂ ಹಿನ್ನೀರಿಗೂ ತಡೆಯುವುದು ಯಾವುದು?

ಗೊರೂರು, ಬೇಲೂರಿನ ಯಗಚಿ, ಲಕ್ಕವಳ್ಳಿ ಎಲ್ಲವೂ ಸಿಹಿನೀರಿನ ಜಲಾಶಯಗಳು. ಹಾಗಾಗಿ ಹಾಸನ, ಚಿಕ್ಕಮಗಳೂರು ಕಡೆಯಲ್ಲಿ ದೋಣಿ ಟ್ರೇಲರ್ ಮಾಡಿಸುವವರು ಜಾಕ್ ವಿಷಯಕ್ಕೆ ಬಂದಾಗ 'ಸಮುದ್ರಕ್ಕೇನು ಇಳಿಸೋದಿಲ್ವಲ್ಲ, ಯಾವುದಾದ್ರೂ ನಡೆಯುತ್ತೆ' ಅಂದುಬಿಡುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹ್ಯಾಂಡಲ್ ಅರ್ಧಕ್ಕೆ ಬಂದು ನಿಲ್ಲುತ್ತದೆ. ಹೊರಗಿನ ಕೊಳವೆ ನೋಡಿದರೆ ಹೊಸದರಂತೆಯೇ ಇರುತ್ತದೆ, ಕೆಟ್ಟಿರುವುದು ಒಳಗೆ. ಜಾಕ್ ಆರಿಸುವಾಗ ಹೊರಗಿನ ಹೊಳಪಿಗಿಂತ ಒಳಗಿನ ಕೊಳವೆ, ಸ್ಕ್ರೂ, ನೀರು ಬಸಿದುಹೋಗುವ ದಾರಿ ಇವನ್ನೇ ಹೆಚ್ಚು ನೋಡಬೇಕು.

ಇಲ್ಲಿ ಜಾಕ್ ಎಂದರೆ ಕಾರಿನ ಡಿಕ್ಕಿಯಲ್ಲಿರುವ ಜಾಕ್ ಅಲ್ಲ. ಟ್ರೇಲರ್‌ನ ಮೂತಿಗೆ, ಕಪ್ಲರ್‌ನ (ಎಳೆಯುವ ಗಾಡಿಯ ಹಿಂದಿರುವ ಬಾಲ್ ಎಂಬ ಲೋಹದ ಉಂಡೆಯ ಮೇಲೆ ಕೂರುವ ಹಿಡಿ) ಹಿಂದೆ ಕೂರಿಸುವ ಕೊಳವೆ ಜಾಕ್. ಹೊರಗೊಂದು ಕೊಳವೆ, ಅದರೊಳಗೆ ಜಾರುವ ಇನ್ನೊಂದು ಕೊಳವೆ, ನಡುವೆ ಉದ್ದ ಸ್ಕ್ರೂ, ಅದು ತಿರುಗುವ ನಟ್, ಕೆಳಗೆ ಚಕ್ರ ಅಥವಾ ತಟ್ಟೆ. ಗಾಡಿಯ ಬಾಲ್‌ಗೆ ಮೂತಿ ಕೂರಿಸಲು, ತೆಗೆಯಲು, ಶೆಡ್ಡಿನಲ್ಲಿ ಕೈಯಿಂದ ತಳ್ಳಿ ತಿರುಗಿಸಲು ಇದೇ ಆಧಾರ.

ಉಪ್ಪಿಲ್ಲದಿದ್ದರೂ ತುಕ್ಕು ಯಾಕೆ

ಮೊದಲನೆಯದು ಒದ್ದೆ ಆರದಿರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಶೆಡ್ಡಿನ ಒಳಗಿಟ್ಟ ಕಬ್ಬಿಣವೂ ಬೆವರುತ್ತದೆ. ಸತುವಿನ ಲೇಪಕ್ಕೆ ಒಮ್ಮೆ ಒದ್ದೆಯಾಗಿ ಒಮ್ಮೆ ಗಾಳಿಗೆ ಒಣಗಿದರೆ ಒಳ್ಳೆಯದು, ಆಗ ಮೇಲೊಂದು ಗಟ್ಟಿ ಪದರ ಕಟ್ಟುತ್ತದೆ. ಗಾಳಿಯಾಡದ ಕಡೆ ನೀರು ನಿಂತರೆ ಆ ಪದರ ಕಟ್ಟುವುದಿಲ್ಲ. ಬಿಳಿ ಪುಡಿ ಏಳುತ್ತದೆ, ಸತು ಕರಗುತ್ತಾ ಹೋಗುತ್ತದೆ. ಜಾಕಿನ ಎರಡು ಕೊಳವೆಗಳ ನಡುವಿನ ಸಂದು ಅಂಥದ್ದೇ ಜಾಗ.

ಎರಡನೆಯದು ದಡದ ಇಳಿಜಾರು. ನಮ್ಮ ಹಿನ್ನೀರುಗಳಲ್ಲಿ ದೋಣಿ ಇಳಿಸಲು ಕಾಂಕ್ರೀಟ್ ಇಳಿಜಾರು ಸಿಗುವುದು ಅಪರೂಪ. ಹೇಮಾವತಿ ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚಿನ ಸುತ್ತ ನಡೆದಾಡಬಹುದು, ತುಂಬಿದಾಗ ಅದು ನೀರಿನ ನಡುವೆ ನಿಂತಿರುತ್ತದೆ. ದಡ ಅಷ್ಟು ದೂರ ಸರಿಯುತ್ತದೆ, ಇಳಿಜಾರು ಅಷ್ಟು ಸಣ್ಣದು. ದೋಣಿ ತೇಲಬೇಕಾದರೆ ಟ್ರೇಲರನ್ನು ತುಂಬಾ ಒಳಕ್ಕೆ ತಳ್ಳಬೇಕು. ಒಳ್ಳೆಯ ಇಳಿಜಾರಿದ್ದ ಕಡೆ ಒದ್ದೆಯೇ ಆಗದ ಮೂತಿ ಇಲ್ಲಿ ಜಾಕ್ ಸಮೇತ ಮುಳುಗುತ್ತದೆ. ನೀರಿನ ಜೊತೆ ಹೂಳೂ ಕೊಳವೆಗೆ ನುಗ್ಗಿ ಗ್ರೀಸಿಗೆ ಬೆರೆತು ಸ್ಕ್ರೂ ಉಜ್ಜುತ್ತದೆ.

ಮೂರನೆಯದು ತೋಟದ ಶೆಡ್ಡು. ದೋಣಿ ಟ್ರೇಲರ್ ಹೆಚ್ಚಾಗಿ ನಿಲ್ಲುವುದು ಗೊಬ್ಬರದ ಚೀಲಗಳ ಪಕ್ಕದಲ್ಲಿ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಅದರ ಧೂಳು ಗಾಳಿಯ ತೇವ ಹೀರಿ ಲೋಹದ ಮೇಲೆ ಕೂರುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇದಕ್ಕಿಂತ ಕೆಟ್ಟದ್ದು. ಮೈಲುತುತ್ತದಲ್ಲಿರುವ ತಾಮ್ರ ಸತು ಅಥವಾ ಅಲ್ಯೂಮಿನಿಯಂ ಮೇಲೆ ಬಿದ್ದರೆ ಅಲ್ಲೇ ಸಣ್ಣ ಸಣ್ಣ ಚುಕ್ಕೆಗಳಾಗಿ ಅಂಟಿಕೊಂಡು, ಸುತ್ತಲಿನ ಲೋಹವನ್ನು ತಿನ್ನುತ್ತದೆ. ಅದಕ್ಕೆ ಬೆರೆಸುವ ಸುಣ್ಣವೂ ಅಲ್ಯೂಮಿನಿಯಂಗೆ ಆಗದು. ಅಡಿಕೆಗೋ ಮೆಣಸಿಗೋ ಹೊಡೆದು ಬಂದ ಡ್ರಮ್ಮು, ಪೈಪನ್ನು ಟ್ರೇಲರ್ ಮೇಲೆ ಹೇರುವ ಅಭ್ಯಾಸವಿದ್ದರೆ ಎಷ್ಟು ದುಬಾರಿ ಜಾಕ್ ತಂದರೂ ಬಾಳುವುದಿಲ್ಲ. ಕೊಟ್ಟಿಗೆಗೆ ಅಂಟಿಕೊಂಡ ಶೆಡ್ಡಾದರೆ ಗಂಜಳದ ಅಮೋನಿಯಾ ಹಿತ್ತಾಳೆ ನಟ್ಟನ್ನು ಸೀಳಿಸುತ್ತದೆ.

ಲೇಪ: ಯಾವುದನ್ನು ಯಾವುದೆಂದು ಗುರುತಿಸುವುದು

ಅಂಗಡಿಯಲ್ಲಿ ಎಲ್ಲದಕ್ಕೂ 'ಜಿಐ ಸರ್, ತುಕ್ಕು ಬರಲ್ಲ' ಎನ್ನುತ್ತಾರೆ. ಜಿಐ ಎಂದರೆ ಸತು ಹಚ್ಚಿದ ಕಬ್ಬಿಣ. ಆದರೆ ಸತು ಹಚ್ಚುವ ಎರಡು ವಿಧಾನಗಳಿಗೆ ಭೂಮಿ ಆಕಾಶದ ಅಂತರವಿದೆ.

ಕನ್ನಡಿಯಂತೆ ಹೊಳೆಯುವ, ಸ್ವಲ್ಪ ನೀಲಿ ಅಥವಾ ಹಳದಿ ಛಾಯೆಯ ಮೇಲ್ಮೈ ಇದ್ದರೆ ಅದು ವಿದ್ಯುತ್ ಹಾಯಿಸಿ ಮಾಡಿದ ಝಿಂಕ್ ಪ್ಲೇಟಿಂಗ್. ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ. ಮಂಕು ಬೂದು ಬಣ್ಣ, ಅಂಚಿನಲ್ಲಿ ಅಲ್ಲಲ್ಲಿ ಸತು ಇಳಿದು ಗಟ್ಟಿಯಾದ ಹನಿ, ಮುಟ್ಟಿದರೆ ತುಸು ಒರಟು ಎನಿಸಿದರೆ ಅದು ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಹಾಟ್ ಡಿಪ್ ಗ್ಯಾಲ್ವನೈಸಿಂಗ್. ಐಎಸ್‌ಒ 1461 ಮಾನದಂಡದ ಪ್ರಕಾರ 3ರಿಂದ 6 ಮಿಮೀ ದಪ್ಪದ ಉಕ್ಕಿಗೆ ಇದು ಸರಾಸರಿ 70 ಮೈಕ್ರಾನ್, ಒಂದೂವರೆಯಿಂದ 3 ಮಿಮೀ ಉಕ್ಕಿಗೆ 55 ಮೈಕ್ರಾನ್ ಇರಬೇಕು.

ಸತು ಸವೆಯುವ ವೇಗ ಜಾಗದ ಮೇಲೆ ನಿಂತಿದೆ. ಐಎಸ್‌ಒ 9223ರಲ್ಲಿ ಮಧ್ಯಮ ವರ್ಗದ ವಾತಾವರಣಕ್ಕೆ ವರ್ಷಕ್ಕೆ 0.7ರಿಂದ 2.1 ಮೈಕ್ರಾನ್, ಉಪ್ಪುಗಾಳಿಯ ತೀವ್ರ ವರ್ಗಕ್ಕೆ 4.2ರಿಂದ 8.4 ಮೈಕ್ರಾನ್ ಎಂದಿದೆ. 8 ಮೈಕ್ರಾನ್ ಪ್ಲೇಟಿಂಗ್ ಸಮುದ್ರದ ಬಳಿ ಒಂದೆರಡು ವರ್ಷಕ್ಕೆ ಮುಗಿದೀತು, 70 ಮೈಕ್ರಾನ್ ಎಂಟರಿಂದ ಹದಿನಾರು ವರ್ಷ ಎಳೆದೀತು. ಇದು ಬಯಲಲ್ಲಿ ಗಾಳಿಗೆ ಒಣಗುವ ಮೇಲ್ಮೈಯ ಲೆಕ್ಕ. ಸಂದಿನಲ್ಲಿ ನೀರು ನಿಂತರೆ ಈ ಲೆಕ್ಕ ನಡೆಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಹಾಟ್ ಡಿಪ್ ಲೇಪ ದಪ್ಪವೂ ಏರುಪೇರೂ ಆಗಿರುವುದರಿಂದ ಒಂದರೊಳಗೊಂದು ಜಾರುವ ಕೊಳವೆಗೂ ಸ್ಕ್ರೂ ಎಳೆಗೂ ಅದು ಹೊಂದುವುದು ಕಷ್ಟ. ಹಾಗಾಗಿ ಹಾಟ್ ಡಿಪ್ ಎಂದು ಮಾರುವ ಜಾಕ್‌ಗಳಲ್ಲೂ ಹೊರ ಕೊಳವೆ, ಬ್ರಾಕೆಟ್ ಮಾತ್ರ ಅದ್ದಿದ್ದು, ಒಳ ಕೊಳವೆ ತೆಳು ಪ್ಲೇಟಿಂಗ್‌ನದು ಇರುತ್ತದೆ. ಸ್ಕ್ರೂ ಬರೀ ಗ್ರೀಸಿನ ಆಸರೆಯಲ್ಲಿರುತ್ತದೆ. ಅಂಗಡಿಯಲ್ಲೇ ಹ್ಯಾಂಡಲ್ ತಿರುಗಿಸಿ ಜಾಕನ್ನು ಪೂರ್ತಿ ಉದ್ದಕ್ಕೆ ಇಳಿಸಿ ಒಳ ಕೊಳವೆಯ ಬಣ್ಣವನ್ನು ಹೊರ ಕೊಳವೆಯ ಜೊತೆ ಹೋಲಿಸಿ. ಬೇರೆ ಬೇರೆ ಕಂಡರೆ ಬೆಲೆ ಮಾತಾಡುವಾಗ ಅದು ನೆನಪಿರಲಿ.

ಪೌಡರ್ ಕೋಟಿಂಗ್ ನೋಡಲು ಚೆಂದ. ಒಂದು ಕಲ್ಲು ಸಿಡಿದು ಬಣ್ಣ ಎದ್ದರೆ ಅಲ್ಲಿಂದ ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತದೆ, ಮೇಲೆ ಗುಳ್ಳೆ ಬಂದಾಗಲೇ ಗೊತ್ತಾಗುವುದು. ಸತುವಿನ ಮೇಲೆ ಪೌಡರ್ ಕೋಟಿಂಗ್ ಆದರೆ ಸರಿ, ಬರೀ ಕಬ್ಬಿಣದ ಮೇಲಾದರೆ ಬೇಡ. ಟ್ರ್ಯಾಕ್ಟರ್ ಟ್ರೇಲರ್‌ನ ಸ್ಕ್ರೂ ಜಾಕನ್ನೇ ಪೇಂಟ್ ಹೊಡೆದು ಬೆಸೆದುಕೊಡುವ ವರ್ಕ್‌ಶಾಪ್‌ಗಳಿವೆ. ಭಾರ ಹೊರುವುದರಲ್ಲಿ ಅದಕ್ಕೆ ಎರಡು ಮಾತಿಲ್ಲ, ನೀರಿಗಿಳಿಸುವ ಟ್ರೇಲರ್‌ಗೆ ಮಾತ್ರ ಅದು ತಕ್ಕದ್ದಲ್ಲ.

ಅಲ್ಯೂಮಿನಿಯಂ ಜಾಕ್ ಹಗುರ, ಆನೋಡೈಸ್ ಮಾಡಿದ್ದಾದರೆ ಸಿಹಿನೀರಿಗೆ ಚೆನ್ನಾಗಿ ತಡೆಯುತ್ತದೆ. ಆದರೆ ಅದರೊಳಗಿನ ಸ್ಕ್ರೂ, ಗೇರ್ ಉಕ್ಕಿನವೇ. ಎರಡು ಲೋಹ ಕೂಡುವ ಕಡೆ ನೀರು ನಿಂತರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಬೋರ್ಡೋ ಹೊಡೆಯುವ ತೋಟದವರು ಇದನ್ನು ಬಿಟ್ಟುಬಿಡುವುದೇ ಮೇಲು. ಸ್ಟೇನ್‌ಲೆಸ್ ಸ್ಟೀಲ್ ಪೂರ್ತಿ ಜಾಕ್ ದುಬಾರಿ. ವರ್ಷಕ್ಕೆ ಹಲವು ಸಲ ಮಲ್ಪೆಗೋ ಮಂಗಳೂರಿಗೋ ದೋಣಿ ಒಯ್ಯುವವರಿಗಷ್ಟೇ ಅದು ಲಾಭ. ಆಗಲೂ 304 ಸಾಲದು, ಶೇ. 2ರಿಂದ 3 ಮಾಲಿಬ್ಡಿನಂ ಇರುವ 316 ಬೇಕು. ಅಯಸ್ಕಾಂತ ಹಿಡಿದು ನೋಡಿದರೆ ಎರಡಕ್ಕೂ ಅಂಟುವುದಿಲ್ಲ, ಅಥವಾ ಬಾಗಿಸಿದ ಕಡೆ ತುಸು ಎಳೆಯುತ್ತದೆ. ಹಾಗಾಗಿ ಅಯಸ್ಕಾಂತ 304, 316 ಬೇರೆ ಮಾಡಿ ತೋರಿಸುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ಹಿನ್ನೀರಿಗೆ ಮಾತ್ರ ಇಳಿಯುವ ದೋಣಿಗೆ ನಮ್ಮ ಆಯ್ಕೆ: ಹೊರಗೆ ಹಾಟ್ ಡಿಪ್, ಒಳಗೆ ಒಳ್ಳೆಯ ಪ್ಲೇಟಿಂಗ್, ಗನ್ ಹಚ್ಚಿ ಗ್ರೀಸ್ ತುಂಬುವ ನಿಪ್ಪಲ್, ಕೆಳಗೆ ನೀರು ಬಸಿಯುವ ತೂತು. ಈ ನಾಲ್ಕು ಇದ್ದರೆ ಸ್ಟೇನ್‌ಲೆಸ್‌ಗೆ ಹಣ ಸುರಿಯಬೇಕಿಲ್ಲ.

ಎಷ್ಟು ಭಾರದ್ದು, ಎಷ್ಟು ಎತ್ತರದ್ದು

ಜಾಕಿನ ಮೇಲೆ ಪೌಂಡ್‌ನಲ್ಲಿ ಬರೆದಿದ್ದರೆ 1000 ಪೌಂಡ್ ಎಂದರೆ 454 ಕೆಜಿ, 1500 ಎಂದರೆ 680, 2000 ಎಂದರೆ 907. ಇದು ಎತ್ತುವ ಸಾಮರ್ಥ್ಯವೋ ಸುಮ್ಮನೆ ಹೊತ್ತು ನಿಲ್ಲುವ ಸಾಮರ್ಥ್ಯವೋ ಕೇಳಿ. ನಿಮಗೆ ಬೇಕಾದ್ದು ಎತ್ತುವುದು.

ದೋಣಿ ಟ್ರೇಲರ್‌ನಲ್ಲಿ ಮೂತಿಯ ಭಾರ ಒಟ್ಟು ಭಾರದ ಶೇ. 5ರಿಂದ 10 ಇರುವುದು ವಾಡಿಕೆ. 14 ಅಡಿಯ ಫೈಬರ್ ದೋಣಿ 180 ಕೆಜಿ, ಎಂಜಿನ್ 50, 25 ಲೀಟರ್ ಪೆಟ್ರೋಲ್ ಸುಮಾರು 19, ಬ್ಯಾಟರಿ ಮತ್ತಿತರ ಸಾಮಾನು 40, ಟ್ರೇಲರ್ 200 ಎಂದುಕೊಂಡರೆ ಒಟ್ಟು 489 ಕೆಜಿ, ಮೂತಿಯ ಮೇಲೆ 25ರಿಂದ 49. ಕೇಳಲು ಕಡಿಮೆ. ಆದರೆ ಮಳೆಗಾಲಕ್ಕೆ ಎಂಜಿನ್ ಬಿಚ್ಚಿ ಒಳಗಿಟ್ಟಿರೆಂದುಕೊಳ್ಳಿ. ಅಚ್ಚಿನಿಂದ 2 ಮೀಟರ್ ಹಿಂದಿದ್ದ 50 ಕೆಜಿ ಹೋಯಿತು, ಕಪ್ಲರ್ ಅಚ್ಚಿನಿಂದ 3 ಮೀಟರ್ ಮುಂದಿದೆ. ಮೂತಿಯ ಭಾರ ಒಮ್ಮೆಲೇ 33 ಕೆಜಿ ಏರುತ್ತದೆ. ಮುಂಭಾಗದಲ್ಲಿ ಇಬ್ಬರು ಹತ್ತಿ ನಿಂತರೆ ಮತ್ತೂ ಏರುತ್ತದೆ.

ಅಂದಾಜು ಬೇಡವೆಂದರೆ ತೂಗಿಯೇ ನೋಡಬಹುದು. ಕಾಫಿ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಪ್ರತಿ ತೋಟದಲ್ಲೂ ಇದೆ. ಚಕ್ರಗಳಿಗೆ ಕಲ್ಲು ಕೊಟ್ಟು, ತಕ್ಕಡಿಯ ಮೇಲೆ ಮರದ ತುಂಡು ಇಟ್ಟು, ಕಪ್ಲರ್ ಗಾಡಿಗೆ ಸಿಕ್ಕಿಸಿದಾಗ ಇರುವ ಎತ್ತರದಲ್ಲೇ ಅದರ ಮೇಲೆ ಕೂರಿಸಿ. ಎಂಜಿನ್ ಇದ್ದಾಗಲೊಮ್ಮೆ, ಇಲ್ಲದಾಗಲೊಮ್ಮೆ ಓದಿಕೊಳ್ಳಿ. ಬಂದ ದೊಡ್ಡ ಅಂಕಿಯ ಮೂರು ಪಟ್ಟಾದರೂ ಜಾಕಿನ ಸಾಮರ್ಥ್ಯವಿರಲಿ. ಹೆಚ್ಚಳ ಕೇಳುವುದು ನೇರ ಭಾರಕ್ಕಲ್ಲ, ಕೆಸರಿನಲ್ಲಿ ಅಡ್ಡಕ್ಕೆ ಎಳೆಯುವಾಗ ಒಳ ಕೊಳವೆ ಬಾಗದಿರಲಿ ಎಂದು. 14 ಅಡಿ ದೋಣಿಗೆ 1000 ಪೌಂಡ್‌ನದು ಸಾಕು. ಒಟ್ಟು 1200 ಕೆಜಿ ಮುಟ್ಟುವ ದೊಡ್ಡ ದೋಣಿಗೆ 1500ರದ್ದು.

ಎತ್ತರಕ್ಕೆ ಮೂರು ಅಳತೆ ಬೇಕು. ಸಮತಟ್ಟು ನೆಲದಲ್ಲಿ ಗಾಡಿಯ ಬಾಲ್‌ನ ತಲೆ ಎಷ್ಟು ಎತ್ತರ, ಜಾಕ್ ಕೂರಿಸುವ ಪಟ್ಟಿ ನೆಲದಿಂದ ಎಷ್ಟು ಎತ್ತರ, ಜಾಕ್ ಪೂರ್ತಿ ಮೇಲಕ್ಕೇರಿಸಿದಾಗ ಮತ್ತು ಪೂರ್ತಿ ಇಳಿಸಿದಾಗ ಎಷ್ಟು ಉದ್ದ. ಕಪ್ಲರ್ ಬಾಲ್‌ಗಿಂತ ಕನಿಷ್ಠ 50ರಿಂದ 75 ಮಿಮೀ ಮೇಲೆದ್ದು ಸರಿಯಬೇಕು. ದಡದಲ್ಲಿ ಗಾಡಿ ಏರಿನ ಕಡೆ, ಟ್ರೇಲರ್ ಇಳಿಜಾರಿನ ಕಡೆ ಇರುತ್ತದೆ, ಚಕ್ರ ಒಂದೆರಡು ಇಂಚು ಹೂಳಿನಲ್ಲಿ ಹೂತಿರುತ್ತದೆ. 10 ಇಂಚಿನ ಓಟದ, ಅಂದರೆ ಅಷ್ಟು ಉದ್ದ ಕೆಳಗಿಳಿಯುವ ಜಾಕ್ ಶೆಡ್ಡಿನಲ್ಲಿ ಸಾಕೆನಿಸಿದರೂ ದಡದಲ್ಲಿ ಸಾಲುವುದಿಲ್ಲ. 15 ಇಂಚಿನದು ತೆಗೆದುಕೊಳ್ಳಿ.

ಹ್ಯಾಂಡಲ್ ಮೇಲೆ ತಿರುಗುವುದೋ ಪಕ್ಕಕ್ಕೆ ತಿರುಗುವುದೋ? ಮೇಲೆ ತಿರುಗುವುದರಲ್ಲಿ ಗೇರ್ ಇಲ್ಲ, ಕೆಡಲು ಭಾಗಗಳು ಕಡಿಮೆ. ಆದರೆ ದೋಣಿ ಎಳೆಯುವ ಹಗ್ಗ ಸುತ್ತುವ ವಿಂಚ್‌ನ ಕಂಬ, ದೋಣಿಯ ಮೂಗು ಅಡ್ಡ ಬರುತ್ತವೆ. ಜಾಗವಿದ್ದರೆ ಮೇಲಿನದು, ಇಲ್ಲದಿದ್ದರೆ ಪಕ್ಕದ್ದು. ಪಕ್ಕದ್ದಾದರೆ ಗೇರ್ ಮೇಲಿನ ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ ನೋಡಿ. ಎಷ್ಟೋ ಜಾಕ್‌ಗಳಲ್ಲಿ ಅದು ಸುಮ್ಮನೆ ಒತ್ತಿ ಕೂರಿಸಿದ ಪ್ಲಾಸ್ಟಿಕ್, ಎರಚಲು ಸಲೀಸಾಗಿ ಒಳಗಿಳಿಯುತ್ತದೆ.

ಚಕ್ರದ ವಿಷಯ ಚಿಕ್ಕದು. 6 ಇಂಚಿನ ಸಣ್ಣ ಪ್ಲಾಸ್ಟಿಕ್ ಚಕ್ರದ ಕೆಳಗೆ 60 ಕೆಜಿ ಕೂತರೆ ಅದು ನೆಲ ಮುಟ್ಟುವುದು ಹತ್ತು ಚದರ ಸೆಂಟಿಮೀಟರ್ ಆಸುಪಾಸು. ಹೂಳಿನಲ್ಲಿ ನೇರ ಇಳಿಯುತ್ತದೆ. 8 ಇಂಚಿನ ಅಗಲ ಚಕ್ರ ಅಥವಾ ಜೋಡಿ ಚಕ್ರ ವಾಸಿ. ಅದಿದ್ದರೂ ಒಂದಡಿ ಚದರದ ಹಲಗೆಯೊಂದು ಗಾಡಿಯಲ್ಲಿರಲಿ.

ಅಂಗಡಿಯಲ್ಲಿ ಕೈಯಾಡಿಸಿ ನೋಡುವುದು

ಪೂರ್ತಿ ಇಳಿಸಿ, ಒಳ ಕೊಳವೆಯ ತುದಿ ಹಿಡಿದು ಅಲುಗಾಡಿಸಿ. ಸ್ವಲ್ಪ ಆಟವಿರಬೇಕು, ಗಡಗಡ ಎನ್ನಬಾರದು. ಆಟ ಹೆಚ್ಚಾದಷ್ಟೂ ಹೂಳಿಗೆ ಬಾಗಿಲು ದೊಡ್ಡದು. ಹ್ಯಾಂಡಲ್ ಒಂದೇ ಹದದಲ್ಲಿ ತಿರುಗಬೇಕು. ಒಂದು ಸುತ್ತಿನಲ್ಲಿ ಒಮ್ಮೆ ಬಿಗಿ, ಒಮ್ಮೆ ಸಡಿಲವಾದರೆ ಸ್ಕ್ರೂ ನೆಟ್ಟಗಿಲ್ಲ. ತಲೆಕೆಳಗು ಮಾಡಿ ಚಕ್ರ ಬಿಚ್ಚಿಸಿ ಒಳ ಕೊಳವೆಯ ತಳ ನೋಡಿ. ತಳ ಮುಚ್ಚಿದ್ದು ತೂತಿಲ್ಲದಿದ್ದರೆ ಒಳಗೆ ಹೋದ ನೀರು ಅಲ್ಲೇ ನಿಲ್ಲುತ್ತದೆ. ಉಳಿದೆಲ್ಲ ಚೆನ್ನಾಗಿದ್ದರೆ ಆ ಕಾರಣಕ್ಕೆ ಬಿಡಬೇಡಿ, ಸ್ಕ್ರೂ ಮೇಲಕ್ಕೆಳೆದು 6 ಮಿಮೀ ತೂತು ಕೊರೆಸಿ ಅಂಚಿಗೆ ಸತುವಿನ ಅಂಶ ಹೆಚ್ಚಿರುವ ಕೋಲ್ಡ್ ಗ್ಯಾಲ್ವನೈಸಿಂಗ್ ಪೇಂಟ್ ಹಚ್ಚಿ.

ತಿರುಗಿಸಿ ಮೇಲಕ್ಕೆ ಮಡಿಸುವ ಜಾಕಾದರೆ ಲಾಕ್ ಪಿನ್ ಮತ್ತು ಅದರ ಸ್ಪ್ರಿಂಗ್ ನೋಡಿ. ಮೊದಲು ತುಕ್ಕು ಹಿಡಿಯುವುದು ಆ ಸ್ಪ್ರಿಂಗ್. ಅದು ಸೊರಗಿದರೆ ಪಿನ್ ಅರ್ಧ ಕೂತು, ಹಂಪ್ ಹಾರಿದಾಗ ಜಾಕ್ ಕೆಳಕ್ಕೆ ಜೋಲುತ್ತದೆ. ಪಿನ್, ಸ್ಪ್ರಿಂಗ್ ಸ್ಟೇನ್‌ಲೆಸ್ ಇದ್ದರೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೂರಿಸುವುದು

ವೆಲ್ಡ್ ಮಾಡಿಸಬೇಡಿ. ವೆಲ್ಡಿಂಗ್ ಶಾಖಕ್ಕೆ ಸುತ್ತಲಿನ ಸತು ಸುಟ್ಟುಹೋಗುತ್ತದೆ, ಸುಡುವಾಗ ಬರುವ ಬಿಳಿ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ, ಮುಂದೆ ಜಾಕ್ ಬದಲಿಸಬೇಕಾದರೆ ಕತ್ತರಿಸಬೇಕು. ಬೋಲ್ಟ್ ಬ್ರಾಕೆಟ್‌ನದೇ ಇರಲಿ.

1. ಕಪ್ಲರ್‌ನಿಂದ ಒಂದು, ಒಂದೂವರೆ ಅಡಿ ಹಿಂದೆ ಜಾಗ ಗುರುತಿಸಿ. ಹ್ಯಾಂಡಲ್ ಪೂರ್ತಿ ಸುತ್ತು ಬರಬೇಕು, ಮಡಿಸಿದ ಚಕ್ರ ಎಲ್ಲೂ ತಾಕಬಾರದು, ಗಾಡಿಯ ಹಿಂಬಾಗಿಲು ತೆರೆಯಬೇಕು.
2. ಹಿಂದಿನ ಪ್ಲೇಟು, ಮುಂದಿನ ಬ್ರಾಕೆಟ್ ನಡುವೆ ಚಾಸಿ ಸಿಕ್ಕಿಸಿ ನಾಲ್ಕೂ ಬೋಲ್ಟನ್ನು ಕೈಯಲ್ಲಿ ಹಿಡಿಸಿ. 8.8 ದರ್ಜೆಯ ಗ್ಯಾಲ್ವನೈಸ್ಡ್ ಬೋಲ್ಟ್, ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಬಳಸಿ.
3. ಎದುರುಬದುರು ಮೂಲೆಯ ಬೋಲ್ಟ್‌ಗಳನ್ನು ಒಂದಾದಮೇಲೊಂದು ಬಿಗಿಮಾಡುತ್ತಾ ಬನ್ನಿ. ಎಂ10 ಬೋಲ್ಟ್‌ಗೆ ಸುಮಾರು 40 ನ್ಯೂಟನ್ ಮೀಟರ್ ಸಾಕು. ತೆಳು ಚಾಸಿ ಕೊಳವೆ ಒಳಕ್ಕೆ ಕುಸಿಯುವಂತೆ ಹಿಸುಕಬೇಡಿ.
4. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಶಿರಾಡಿಯೋ ಚಾರ್ಮಾಡಿಯೋ ಒಮ್ಮೆ ಇಳಿದು ಹತ್ತಿದರೆ ಸಡಿಲವಾಗುವುದೆಲ್ಲ ಸಡಿಲವಾಗಿರುತ್ತದೆ.

ಗ್ಯಾಲ್ವನೈಸ್ಡ್ ಬ್ರಾಕೆಟ್‌ಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಸಿಹಿನೀರಿನಲ್ಲಿ ತೊಂದರೆ ಇಲ್ಲ, ಏಕೆಂದರೆ ಸತುವಿನ ಮೈ ದೊಡ್ಡದು, ಬೋಲ್ಟಿನ ಮೈ ಚಿಕ್ಕದು. ಅಲ್ಯೂಮಿನಿಯಂ ಜಾಕಿಗೆ ಹಾಕುವಾಗ ನಡುವೆ ನೈಲಾನ್ ವಾಷರ್ ಕೊಡಿ. ಸ್ಟೇನ್‌ಲೆಸ್ ನಟ್ಟನ್ನು ಸ್ಟೇನ್‌ಲೆಸ್ ಬೋಲ್ಟಿಗೆ ಒಣಗಿದ್ದಾಗ ಜೋರಾಗಿ ಬಿಗಿದರೆ ಎಳೆಗಳು ಒಂದಕ್ಕೊಂದು ಕಚ್ಚಿ ಮತ್ತೆ ಬಿಚ್ಚುವುದೇ ಇಲ್ಲ. ಎಳೆಗೆ ತುಸು ಗ್ರೀಸ್ ಹಚ್ಚಿ ನಿಧಾನಕ್ಕೆ ತಿರುಗಿಸಿ.

ನೀರಿನಿಂದ ಬಂದ ಮೇಲೆ, ಮಳೆಗಾಲಕ್ಕೆ ಮೊದಲು

ಮುಳುಗಿಸಿದ ಜಾಕನ್ನು ಅಡ್ಡಕ್ಕೆ ಮಡಿಸಿಯೇ ಮನೆಗೆ ತರಬೇಕು, ಬೇರೆ ದಾರಿಯಿಲ್ಲ. ಅಡ್ಡ ಮಲಗಿದ ಕೊಳವೆಯಲ್ಲಿ ನೀರು ಹಾಗೇ ಉಳಿಯುತ್ತದೆ. ಬಂದ ಕೂಡಲೇ ನೆಟ್ಟಗೆ ಮಾಡಿ, ಪೂರ್ತಿ ಇಳಿಸಿ, ಪೈಪಿನಿಂದ ಸಾದಾ ನೀರು ಹಾಯಿಸಿ ಹೂಳು ತೊಳೆದು, ಬಸಿಯಲು ಒಂದು ರಾತ್ರಿ ಬಿಡಿ. ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಜಾಕಿನ ಹತ್ತಿರ ತರಬೇಡಿ. ಅದು ಹೂಳನ್ನು ತೊಳೆಯುವ ಬದಲು ಸೀಲ್ ದಾಟಿಸಿ ಬೇರಿಂಗ್‌ವರೆಗೆ ಕಳಿಸುತ್ತದೆ.

ಸಮುದ್ರಕ್ಕೆ ಇಳಿಸಿದ್ದರೆ ಘಾಟಿ ಹತ್ತುವ ಮೊದಲೇ ಸಿಹಿನೀರಿನಲ್ಲಿ ತೊಳೆಯಿರಿ. ಅಡುಗೆ ಉಪ್ಪು ಗಾಳಿಯ ತೇವ ಶೇ. 75 ದಾಟಿದರೆ ತಾನಾಗಿ ನೀರೊಡೆಯುತ್ತದೆ. ಜನವರಿಯಲ್ಲಿ ಉಳಿಸಿಕೊಂಡ ಉಪ್ಪು ಜೂನ್‌ನಲ್ಲಿ ಎಚ್ಚರಗೊಂಡು ನಾಲ್ಕು ತಿಂಗಳು ಕೆಲಸ ಮಾಡುತ್ತದೆ.

ಗ್ರೀಸ್ ವರ್ಷಕ್ಕೆ ಎರಡು ಸಲ, ಮೇ ಕೊನೆಗೊಮ್ಮೆ, ಮಳೆ ಹಿಂದಾದ ಮೇಲೊಮ್ಮೆ. ನೀರಿಗೆ ತೊಳೆದುಹೋಗದ ಮೆರೈನ್ ಗ್ರೀಸ್ ಒಳ್ಳೆಯದು, ಸಿಗದಿದ್ದರೆ ಲಿಥಿಯಂ ಕಾಂಪ್ಲೆಕ್ಸ್. ಹಳೆಯದು ಯಾವುದೆಂದು ಗೊತ್ತಿಲ್ಲದಿದ್ದರೆ ಒರೆಸಿ ತೆಗೆದು ಹೊಸದು ತುಂಬಿ, ಬೇರೆ ಬೇರೆ ಜಾತಿಯ ಗ್ರೀಸ್ ಬೆರೆತರೆ ನೀರಾಗಿ ಇಳಿದುಹೋಗಬಹುದು. ನಿಪ್ಪಲ್‌ಗೆ ಗನ್ ಹಚ್ಚಿ ಮೂರ್ನಾಲ್ಕು ಒತ್ತು ಒತ್ತಿ, ಜಾಕನ್ನು ಪೂರ್ತಿ ಇಳಿಸಿ ಏರಿಸಿ, ಮತ್ತೆ ಒಂದೆರಡು ಒತ್ತು. ಒಳ ಕೊಳವೆಯ ಹೊರಮೈಗೆ ಮಾತ್ರ ಗ್ರೀಸ್ ಬಳಿಯಬೇಡಿ, ಮಣ್ಣು ಅಂಟುತ್ತದೆ. ಅಲ್ಲಿಗೆ ಬಟ್ಟೆಯಲ್ಲಿ ಎಣ್ಣೆ ಒರೆಸಿದರೆ ಸಾಕು.

ಇನ್ನು ಮಳೆಗಾಲದಲ್ಲಿ ನಿಲ್ಲಿಸುವ ರೀತಿ. ದೋಣಿಯಲ್ಲಿ ಬಿದ್ದ ನೀರು ಹಿಂದಿನ ತೂತಿನಿಂದ ಹರಿದುಹೋಗಲೆಂದು ಎಲ್ಲರೂ ಮೂತಿ ಎತ್ತರಿಸಿ ಇಡುತ್ತಾರೆ. ಸರಿಯೇ. ನಾಲ್ಕು ಮೀಟರ್ ಉದ್ದ, 1.4 ಮೀಟರ್ ಅಗಲದ ದೋಣಿಯಲ್ಲಿ ತೂತು ಕಟ್ಟಿಕೊಂಡು 100 ಮಿಮೀ ಮಳೆ ನಿಂತರೆ ಐನೂರು ಲೀಟರ್ ದಾಟುತ್ತದೆ, ಟ್ರೇಲರೇ ಬಾಗುತ್ತದೆ. ಆದರೆ ಮೂತಿ ಎತ್ತರಿಸಲು ಜಾಕನ್ನೇ ಪೂರ್ತಿ ಇಳಿಸಿ ಬಿಟ್ಟರೆ ಅದರ ಅತಿ ತೆಳುವಾದ ಲೇಪ, ಅಂದರೆ ಒಳ ಕೊಳವೆ, ನಾಲ್ಕು ತಿಂಗಳು ಎರಚಲಿಗೆ ಮೈಯೊಡ್ಡಿ ನಿಲ್ಲುತ್ತದೆ. ಅಕ್ಟೋಬರ್‌ನಲ್ಲಿ ಮೇಲೆತ್ತುವಾಗ ಆ ತುಕ್ಕೆಲ್ಲ ಸೀಲ್ ಕೆರೆಯುತ್ತಾ ಒಳಗೆ ಹೋಗುತ್ತದೆ. ಹಾಗಾಗಿ ಜಾಕಿನಿಂದ ಎತ್ತಿ, ಚಾಸಿಯ ಕೆಳಗೆ ಸಿಮೆಂಟ್ ಇಟ್ಟಿಗೆ, ಅದರ ಮೇಲೆ ಮರದ ತುಂಡು ಕೊಟ್ಟು, ಭಾರವನ್ನು ಅದರ ಮೇಲಿಳಿಸಿ. ಟೈರುಗಳಿಗೆ ಎರಡೂ ಕಡೆ ಕಲ್ಲು ಕೊಡದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಆಮೇಲೆ ಒಳ ಕೊಳವೆಯನ್ನು ಪೂರ್ತಿ ಮೇಲಕ್ಕೇರಿಸಿ, ಜಾಕನ್ನು ನೆಟ್ಟಗೇ ಇಟ್ಟು, ಗೇರ್ ಮುಚ್ಚಳದ ಮೇಲೆ ಹಳೇ ಟ್ಯೂಬಿನ ತುಂಡು ಕಟ್ಟಿ. ಇಡೀ ಜಾಕಿಗೆ ಪ್ಲಾಸ್ಟಿಕ್ ಸುತ್ತಬೇಡಿ, ಒಳಗೇ ಬೆವರುತ್ತದೆ.

ಹ್ಯಾಂಡಲ್ ತಿರುಗುತ್ತದೆ, ಮೂತಿ ಏಳುವುದಿಲ್ಲ ಎಂದಾದರೆ ಗೇರಿನ ಪಿನ್ ತುಂಡಾಗಿದೆ ಅಥವಾ ನಟ್ಟಿನ ಎಳೆ ಹೋಗಿದೆ. ಪಿನ್ ಆದರೆ ಲೇತ್‌ನವರು ಹಾಕಿಕೊಡುತ್ತಾರೆ. ನಟ್ ಆದರೆ ಸ್ಕ್ರೂ ಕೂಡ ಸವೆದಿರುತ್ತದೆ, ಹೊಸ ಜಾಕೇ ಅಗ್ಗ. ಕಟಕಟ ಸದ್ದು ಗೇರ್ ಹಲ್ಲಿನದು, ಮುಚ್ಚಳ ತೆಗೆದರೆ ಒಣಗಿದ ಕೆಂಪು ಪುಡಿ ಕಾಣುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಗ್ರೀಸ್ ತುಂಬಿದರೆ ಇನ್ನೊಂದಷ್ಟು ದಿನ ನಡೆಯುತ್ತದೆ. ಯಾವುದೋ ಒಂದೇ ಎತ್ತರದಲ್ಲಿ ಮಾತ್ರ ಬಿಗಿಯಾಗುತ್ತಿದ್ದರೆ ಒಳ ಕೊಳವೆ ಬಾಗಿದೆ. ಆಗ ಹ್ಯಾಂಡಲ್‌ಗೆ ಪೈಪ್ ತೂರಿಸಿ ಬಲ ಹಾಕುವವರಿದ್ದಾರೆ. ಗೇರ್ ಮುರಿದು ಮೂತಿ ದಿಢೀರನೆ ಕುಸಿದರೆ ಕೆಳಗಿರುವುದು ಕಾಲು.